ಎರಡು ದಿನದ ಮುಳ್ಳು

ಸಂಕ್ರಮಣಕ್ಕ ಊರಿಗೆ ಹೋಗಿದ್ದೆ. ನಮ್ಮೂರು ಕಲಘಟಗಿ ಕಡೆ, ಭತ್ತ ಕೊಯ್ದು ಹೊಲ ಎಲ್ಲಾ ಖಾಲಿ ಬಿದ್ದಿದ್ವು, ಅಪ್ಪ ಮೂರು ರಾತ್ರಿ ಕುರಿ ತರುಬಾಕ ಹೇಳಿದ್ರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಹಿಂಡು ರಾತ್ರಿಯೆಲ್ಲಾ ಹೊಲದಾಗ ಮಲಗಿದ್ರ ಹಿಕ್ಕಿ, ಉಚ್ಚಿ ಎರಡೂ ಮಣ್ಣಿಗೆ ಬೀಳ್ತಾವು, ಅದರ ಮುಂದ ಯೂರಿಯಾ ಚೀಲ ಏನೂ ಅಲ್ಲ ಅಂತಾರ ನಮ್ಮಪ್ಪ. ಅದಕ್ಕ ಮೊದಲು ಜೋಳ ಕೊಡ್ತಿದ್ರು, ಈಗ ರೊಕ್ಕ.

ಬಂದವರು ರಾಯಬಾಗ ಕಡೆ ಕುರುಬರು. ದೀಪಾವಳಿ ಮುಗಿಸಿ ಊರು ಬಿಟ್ರ ಮಳಿಗಾಲದ ಹೊತ್ತಿಗೆ ವಾಪಸ್, ಯಾಕಂದ್ರ ಈ ಕಡೆ ಮಳಿ ಹಿಡೀತು ಅಂದ್ರ ಕುರಿ ಗೊರಸು ಕೊಳಿತಾವು. ಕುದುರಿ ಮ್ಯಾಲೆ ಪಾತ್ರಿ, ಕೌದಿ, ಬಲಿ, ಅದರ ಮ್ಯಾಲೆ ಎರಡು ಕೋಳಿ, ಹಿಂದ ನಾಯಿ. ಅವರ ಜೋಡಿ ಒಬ್ಬಾಕಿ ಆಯಿ ಕುಂಟಕೋತ ಬರ್ತಿದ್ಲು.

ಸಂಜಿಮುಂದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕೊಡಾಕ ಹೋದ್ರ ಅಲ್ಲಿ ಇನ್ನೊಬ್ಬಾಕಿ ಆಯಿ ಕುಂತಿದ್ಲು, ಗೋಕಾಕ ಕಡೆಯಾಕಿ, ಬಾಜೂ ಹೊಲದಾಗ ತರುಬಿದ ಬ್ಯಾರೆ ಹಿಂಡಿನಾಕಿ. ಇಬ್ಬರೂ ಎಪ್ಪತ್ತರ ಆಸುಪಾಸು. ಸಂಬಂಧಿಕರೇನಲ್ಲ, ದಾರ್ಯಾಗ ಭೆಟ್ಟಿ ಆದವರು, ಇಪ್ಪತ್ತು ವರ್ಷ ಆತಂತ. ವರ್ಷಕ್ಕೊಮ್ಮೆ ಈ ಕಡೆ ಬಂದಾಗ ಎಂಟು ಹತ್ತು ದಿನ ಕೂಡ್ತಾರ, ಅಷ್ಟ.

ಕೂಡಿದ್ರ ಮೊದಲು ಜಗಳ. "ನೀ ಹೋದ ವರ್ಷ ಕೊಟ್ಟ ಕೋಳಿ ಮೂರು ತತ್ತಿ ಇಟ್ಟು ನರಿ ಬಾಯಿಗೆ ಹೋತು." "ಕೋಳಿ ಕೊಟ್ಟೀನಿ, ಕಾವಲು ಕಾಯಾಕೂ ನಾನ ಬರ್ಲೇನ?"

ಆಮ್ಯಾಲೆ ಗೋಕಾಕದ ಆಯಿ ನನ್ನ ಕಡೆ ತಿರುಗಿ "ತಂಗೀ, ಮೊಬೈಲ್ ಬ್ಯಾಟ್ರಿ ಹಚ್ಚ ಸ್ವಲ್ಪ" ಅಂದ್ಲು. ಕುಂಟೂ ಆಯಿ ಹಿಮ್ಮಡಿ ಎತ್ತಿ ಆಕಿ ತೊಡಿ ಮ್ಯಾಲೆ ಇಟ್ಲು. ಒಣಗಿದ ಕೆಸರಿನಂಗ ಸೀಳಿದ ಹಿಮ್ಮಡಿ, ನಡುವ ಕರ್ರಗೆ ಒಂದು ಚುಕ್ಕಿ, ಜಾಲಿಮುಳ್ಳು. ಬಳಿಯಾಗಿನ ಪಿನ್ನು ಬಿಚ್ಚಿ, ಚರ್ಮ ಬಿಡಿಸಿ, ಎರಡು ಉಗುರಾಗ ಹಿಡಿದು ಜಗ್ಗಿದ್ಲು. ಜಗ್ಗಿಸಿಕೊಂಡಾಕಿ ಹೂಂ ಅನ್ನಲಿಲ್ಲ, ರೊಟ್ಟಿ ಮುರ್ಕೊಂಡು ತಿನ್ನಾಕತ್ತಿದ್ಲು.

"ನಾ ತೆಗೀತೀನಂದ್ರ ಕಾಲ ಕೊಡ್ಲಿಲ್ರೀ ನಮ್ಮತ್ತಿ, ಎರಡು ದಿನ ಹಿಂಗ ನಡದಾಳ" ಅಂದ್ಲು ಸೊಸಿ, ಸ್ವಲ್ಪ ಸಿಟ್ಟಿನಾಗ. "ನಿನಗ ಕಣ್ಣ ಕಾಣಸ್ತಾವು, ಕೈ ಬರಂಗಿಲ್ಲ" ಅಂದ್ಲು ಮುದುಕಿ. ಸೊಸಿದೂ ಏನ್ ತಪ್ಪಿಲ್ಲ ಬಿಡ್ರಿ, ಪಾಪ.

ಫೋನ್ ಮಾಡಂಗಿಲ್ಲೇನ ಆಯಿ ಅಂತ ಕೇಳಿದೆ. ನಂಬರ್ ಮಗನ ಕಡೆ ಐತಂತ. "ಫೋನಿನಾಗ ಏನ್ ಮಾತಾಡೂದು, ಕುರಿ ಆರಾಮ ಅದಾವು ಅಂದ್ರ ಮುಗೀತು." ನಮ್ಮವ್ವ ಅರವತ್ತೆರಡಕ್ಕ ಗೆಳತ್ಯಾರನ್ನೆಲ್ಲಾ ವಾಟ್ಸಾಪ್ ಗುಡ್ ಮಾರ್ನಿಂಗಿಗೆ ತಂದು ನಿಲ್ಲಿಸ್ಯಾಳ, ಅದ ನೆನಪಾತು.

ನಾಲ್ಕನೇ ದಿನ ನಸುಕಿನಾಗ ಹಿಂಡು ಎರಡೂ ಎದ್ವು. ಒಂದು ಯಲ್ಲಾಪುರದ ದಾರಿ, ಇನ್ನೊಂದು ಮುಂಡಗೋಡದ ಕಡೆ. ರಾಯಬಾಗದ ಆಯಿ ಕುಂಟದ ನಡೀತಿದ್ಲು. ಆಕಿ ಕುದುರಿ ಮ್ಯಾಲೆ ಈಗ ಒಂದ ಕೋಳಿ ಇತ್ತು, ಇನ್ನೊಂದು ಆ ಕಡೆ ಕುದುರಿ ಮ್ಯಾಲೆ ಕೂಗಕೋತ ಹೊಂಟಿತ್ತು. ದೂರ ಹೋದ ಮ್ಯಾಲೆ ಈಕಿ ತಿರುಗಿ ಒದರಿದ್ಲು, "ರಾತ್ರಿ ಬುಟ್ಟಿ ಮುಚ್ಚ, ನರಿ ಬರ್ತೈತಿ!"