ಚಾವಣಿ ಕಳೆದುಕೊಂಡ ಕಮಾನುಗಳು

ಮಾಲ್ಟಾದ ರಾಜಧಾನಿ ವಲೆಟ್ಟಾಕ್ಕೆ ಹೋದವರು ಸಾಮಾನ್ಯವಾಗಿ ಮೇಲಿನ ಬರಾಕ್ಕಾ ಉದ್ಯಾನದ ಅಂಚಿಗೆ ಬಂದು ನಿಂತು, ಕೆಳಗೆ ಹರಡಿಕೊಂಡಿರುವ ಮಹಾಬಂದರನ್ನೂ ಆಚೆ ದಡದ ಸೇಂಟ್ ಏಂಜೆಲೊ ಕೋಟೆಯನ್ನೂ ಕಣ್ತುಂಬಿಕೊಂಡು ಹಿಂತಿರುಗುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬಂದರಲ್ಲ, ಅದಕ್ಕೆ ಚೌಕಟ್ಟಾಗಿ ನಿಂತಿರುವ ಕಮಾನುಗಳ ಸಾಲು. ಆ ಕಮಾನುಗಳ ಮೇಲೆ ಚಾವಣಿಯಿಲ್ಲ.

ಒಟ್ಟೊಮನ್ನರ 1565ರ ಮುತ್ತಿಗೆಯನ್ನು ಹಿಮ್ಮೆಟ್ಟಿಸಿದ, ಆಗ ಮಾಲ್ಟಾವನ್ನು ಆಳುತ್ತಿದ್ದ ಸೇಂಟ್ ಜಾನ್ ಎಂಬ ಕ್ರೈಸ್ತ ಪಂಥದ ಯೋಧರು ಮರುವರ್ಷವೇ ಈ ನಗರಕ್ಕೆ ಅಡಿಗಲ್ಲು ಹಾಕಿದರು. ಉದ್ಯಾನವಿರುವುದು ಅವರ ಕೋಟೆಯ ಬುರುಜೊಂದರ ನೆತ್ತಿಯ ಮೇಲೆ. 1661ರಲ್ಲಿ ಫ್ಲಾಮಿನಿಯೊ ಬಾಲ್ಬಿಯಾನಿ ಎಂಬ ಇಟಲಿಯ ಯೋಧ ಈ ಕಮಾನುಗಳನ್ನು ಕಟ್ಟಿಸಿದಾಗ ಅವುಗಳಿಗೆ ಚಾವಣಿಯಿತ್ತು; ಇಟಲಿಯ ಯೋಧರು ಅದರ ನೆರಳಿನಲ್ಲಿ ವಿಶ್ರಮಿಸುತ್ತಿದ್ದರು. 1775ರಲ್ಲಿ ಮಾಲ್ಟಾದ ಪಾದ್ರಿಗಳ ಗುಂಪೊಂದು ಪಂಥದ ಆಡಳಿತದ ವಿರುದ್ಧ ಬಂಡೆದ್ದು, ಸೇಂಟ್ ಎಲ್ಮೊ ಕೋಟೆಯನ್ನೇ ವಶಪಡಿಸಿಕೊಂಡಿತು. ದಂಗೆ ಬೇಗನೆ ಅಡಗಿತು, ಕೆಲವರಿಗೆ ಮರಣದಂಡನೆಯೂ ಆಯಿತು. ಅದರ ಬೆನ್ನಿಗೇ ಬರಾಕ್ಕಾದ ಚಾವಣಿಯನ್ನು ತೆಗೆಸಲಾಯಿತು. ನೆರಳಿದ್ದಲ್ಲಿ ಜನ ಸೇರುತ್ತಾರೆ, ಸೇರಿದಲ್ಲಿ ಮಾತು ಬೆಳೆಯುತ್ತದೆ ಎಂಬ ಭಯ ಅಧಿಕಾರಕ್ಕೆ ಎಲ್ಲ ಕಾಲದಲ್ಲೂ ಇರುತ್ತದೆ ಎಂದು ಅಲ್ಲಿ ನಿಂತಾಗ ನನಗನ್ನಿಸಿತು. ಪಂಥದ ನಂತರ ಬಂದ ಎರಡು ವರ್ಷಗಳ ಫ್ರೆಂಚ್ ಆಳ್ವಿಕೆ 1800ರಲ್ಲಿ ಕೊನೆಗೊಂಡ ಮೇಲೆ ಉದ್ಯಾನ ಸಾರ್ವಜನಿಕರಿಗೆ ತೆರೆದುಕೊಂಡಿತು.

ಕಂಬವೊಂದರ ಮೇಲೆ ಕೈಯಿಟ್ಟು ನೋಡಿದೆ. ಜೇನಿನ ಬಣ್ಣದ ಮೆದು ಸುಣ್ಣಕಲ್ಲು ಅದು. ಸಮುದ್ರದ ಗಾಳಿ ಹೊತ್ತು ತರುವ ಉಪ್ಪು ಅದರ ಸೂಕ್ಷ್ಮ ರಂಧ್ರಗಳಿಗೆ ಇಳಿದು, ಒಣಗಿ ಹರಳುಗಟ್ಟಿ, ಕಲ್ಲನ್ನು ಒಳಗಿನಿಂದಲೇ ಸಿಡಿಸುತ್ತದೆ; ಹಾಗಾಗಿ ಅದರ ಮೈಯೆಲ್ಲ ಜೇನುಗೂಡಿನಂತೆ ಕುಳಿಬಿದ್ದಿದೆ, ಬೆರಳಾಡಿಸಿದರೆ ಹಿಟ್ಟಿನಂಥ ಪುಡಿ ಅಂಟುತ್ತದೆ. ಎರಡನೆಯ ಮಹಾಯುದ್ಧದ ಬಾಂಬುಗಳ ಪೆಟ್ಟನ್ನೂ ತಿಂದ ತಾಣವಿದು. ಬುರುಜಿನ ಅಡಿಯ ಸುರಂಗಗಳಲ್ಲಿದ್ದ ಲಾಸ್ಕರಿಸ್ ಸಮರ ಕೊಠಡಿಗಳಿಂದಲೇ 1943ರಲ್ಲಿ ಮಿತ್ರಪಡೆಗಳು ಸಿಸಿಲಿಯ ಮೇಲಿನ ದಾಳಿಯನ್ನು ನಿರ್ದೇಶಿಸಿದವು.

ಹೂಪಾತಿಗಳ ನಡುವೆ ಆಂಟೋನಿಯೊ ಶೊರ್ಟಿನೊ ಎಂಬ ಮಾಲ್ಟಾದ ಶಿಲ್ಪಿಯ ಪ್ರಸಿದ್ಧ ಕೃತಿಯೊಂದರ ಕಂಚಿನ ಪ್ರತಿಕೃತಿಯಿದೆ. ಮೂವರು ಬಡ ಮಕ್ಕಳು ಕೈ ಹಿಡಿದು, ಗಾಳಿಯನ್ನು ಸೀಳಿಕೊಂಡು ಓಡುತ್ತಿದ್ದಾರೆ. ಇಲ್ಲಿರುವ ಗವರ್ನರುಗಳ ಗಂಭೀರ ಸ್ಮಾರಕಗಳಿಗಿಂತ ಈ ಮಕ್ಕಳೇ ನನಗೆ ಹತ್ತಿರವಾದರು.

ಬಂದರಿನ ದಡದಿಂದ ಮೇಲೆ ಬರಲು 2012ರಿಂದ 58 ಮೀಟರ್ ಎತ್ತರದ ಲಿಫ್ಟ್ ಇದೆ. ನಡು ಮಧ್ಯಾಹ್ನಕ್ಕೆ ಸರಿಯಾಗಿ, ಉದ್ಯಾನದ ಕೆಳ ಅಂತಸ್ತಿನಲ್ಲಿ ಸಾಲಾಗಿ ನಿಂತ ಫಿರಂಗಿಗಳಲ್ಲಿ ಒಂದನ್ನು ಹಾರಿಸುತ್ತಾರೆ. ಹಿಂದೆ ಬಂದರಿನ ಹಡಗುಗಳು ಈ ಸದ್ದಿಗೇ ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಳ್ಳುತ್ತಿದ್ದವು. ನಾನಿದ್ದ ದಿನ ಸದ್ದು ಆಚೆ ದಡದ ಗೋಡೆಗಳಿಗೆ ಬಡಿದು ಮರಳಿತು. ಬಿಳಿಯ ಹೊಗೆ ಮೆಲ್ಲನೆ ಮೇಲೇರಿ, ಕಮಾನುಗಳ ನಡುವೆ ಅರೆಕ್ಷಣ ತಂಗಿ, ತಡೆಯುವ ಚಾವಣಿಯಿಲ್ಲದೆ ಆಕಾಶಕ್ಕೆ ಹರಿದುಹೋಯಿತು.