ಆಡು ಮೇಯುವ ಕಡಲತಳ

ತಮಿಳುನಾಡಿನ ಪೆರಂಬಲೂರು ಕಡೆಗೆ ಹೋಗಿದ್ದು ಸಾತನೂರಿನ ಕಲ್ಲುಮರ ನೋಡಲು. 18 ಮೀಟರ್ ಉದ್ದದ ಕಾಂಡ ಪೂರ್ತಿ ಕಲ್ಲಾಗಿ ಬಿದ್ದಿದೆ. ಭೂವಿಜ್ಞಾನಿ ಎಂ.ಎಸ್. ಕೃಷ್ಣನ್ 1940ರಲ್ಲಿ ಗುರುತಿಸಿದ್ದಂತೆ. ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಬೇಲಿ ಹಾಕಿದ್ದನ್ನು ಸುತ್ತು ಹೊಡೆದು, ಒಂದು ಫೋಟೊ ತೆಗೆದು ಬರುವುದರಲ್ಲಿ ನನಗೆ ಏನೂ ಅನ್ನಿಸುವುದಿಲ್ಲ. ಹತ್ತು ನಿಮಿಷಕ್ಕೆ ಹೊರಟೆ.

ಅಲ್ಲಿಂದ ಕಾರೈ ಹತ್ತಿರದಲ್ಲೇ, ಹಳೇ ಕಡಲಜೀವಿಗಳ ಪಳೆಯುಳಿಕೆ ಸಿಗುವ ಊರು. ಮ್ಯಾಪ್ ನಂಬಿ ಸುಣ್ಣಕಲ್ಲಿನ ಲಾರಿಗಳು ಓಡಾಡುವ ರಸ್ತೆಗೆ ನುಗ್ಗಿ ಒಂದು ಗಂಟೆ ಧೂಳು ತಿಂದೆ. ದಯವಿಟ್ಟು ಊರಿನವರನ್ನು ಕೇಳಿಕೊಂಡು ಹೋಗಿ. ನೀರೂ ಜಾಸ್ತಿ ಇಟ್ಟುಕೊಳ್ಳಿ. ನನ್ನ ಹತ್ತಿರ ಇದ್ದದ್ದು ಒಂದೇ ಬಾಟಲಿ, ಅದು ಕಾರಿನಲ್ಲೇ ಮುಗಿದಿತ್ತು.

ಊರಾಚೆ ನೆಲವೆಲ್ಲ ಕೊರಕಲು. ಬೂದು, ಹಳದಿ, ಕೆಂಪು ಜೇಡಿಮಣ್ಣಿನ ದಿಬ್ಬಗಳು, ಹುಲ್ಲುಕಡ್ಡಿ ಕೂಡ ಅಪರೂಪ. ಅಲ್ಲಲ್ಲಿ ಜಿಪ್ಸಮ್ ಒಡೆದ ಗಾಜಿನ ಹಾಗೆ ಹೊಳೆಯುತ್ತದೆ. ಸುಮಾರು 10 ಕೋಟಿ ವರ್ಷದ ಹಿಂದೆ ಇದು ಕಡಲಿನ ತಳ. ಓದಿಕೊಂಡೇ ಹೋಗಿದ್ದೆ. ಆದರೂ ಕಾಲಬುಡದಲ್ಲಿ ಅದು ಸಿಕ್ಕಾಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಬೆಲೆಮ್ನೈಟ್. ಕಿರುಬೆರಳಿನಷ್ಟು ಉದ್ದ, ಒಂದು ತುದಿ ಚೂಪು, ಬೆಲ್ಲದ ಪಾಕದ ಬಣ್ಣ. ಮುರಿದ ಕಡೆ ನೋಡಿದರೆ ನಡುವಿನಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆಗಳು, ಸೈಕಲ್ ಚಕ್ರದ ಕಡ್ಡಿಗಳ ಹಾಗೆ. ಬೊಂಡಾಸ್ (ಸ್ಕ್ವಿಡ್) ಮೀನಿನಂಥ ಪ್ರಾಣಿಯ ಮೈಯೊಳಗಿದ್ದ ಗಟ್ಟಿ ಭಾಗ ಇದು. ಮೆತ್ತಗಿನ ಮೈ ಕೊಳೆತುಹೋಯಿತು, ಇದೊಂದು ಉಳಿಯಿತು. ಡೈನೋಸಾರ್‌ಗಳು ಅಳಿದ ಕಾಲಕ್ಕೇ ಈ ಪ್ರಾಣಿಗಳೂ ಇಲ್ಲವಾದವು.

"ಏನು ಬೀಳಿಸ್ಕೊಂಡೆ ತಂಬಿ?"

ಆಡು ಕಾಯುವ ಅಜ್ಜಿ, ಕೈಯಲ್ಲಿ ಉದ್ದ ಕೋಲು. ನನ್ನ ಹರಕು ತಮಿಳಿನಲ್ಲಿ ಕಲ್ಲು ನೋಡ್ತಿದೀನಮ್ಮಾ ಅಂದೆ.

"ಕಲ್ಲು ನೋಡೋಕೆ ಬೆಂಗಳೂರಿಂದ ಬಂದ್ಯಾ?"

ಇಲ್ಲಿ ಮೊದಲು ಕಡಲಿತ್ತು ಅಂದೆ. ಆಕೆ ನಗಲಿಲ್ಲ. ಸುಮ್ನೆ ಸುತ್ತ ಒಮ್ಮೆ ನೋಡಿದಳು.

"ಅಷ್ಟು ನೀರು ಎಲ್ಲಿ ಹೋಯ್ತು? ನಮ್ಮ ಬೋರ್‌ನಲ್ಲಿ ಗಾಳಿ ಬರ್ತದೆ."

ಭೂಮಿ ಸರಿದದ್ದು, ಕಡಲು ಹಿಂದಕ್ಕೆ ಹೋದದ್ದು, ಎಲ್ಲ ಹೇಳಲು ಹೋಗಿ ತಡವರಿಸಿದೆ. ಕೊನೆಗೆ ಪಕ್ಕದ ಅರಿಯಲೂರಿನಲ್ಲಿ ಸುಣ್ಣಕಲ್ಲಿನಿಂದ ಮಾಡುವ ಸಿಮೆಂಟ್ ನೆನಪಾಯಿತು. ಆ ಸುಣ್ಣಕಲ್ಲಿನ ತುಂಬ ಹಳೇ ಕಡಲಚಿಪ್ಪೇ ಇರೋದು ಅಂದೆ. ಅದು ಆಕೆಗೆ ತಕ್ಷಣ ಹಿಡಿಸಿತು. "ಹೌದೌದು, ಲಾರಿಯಿಂದ ಬಿದ್ದ ಕಲ್ಲಲ್ಲಿ ಚಿಪ್ಪು ನೋಡಿದೀನಿ. ನನ್ನ ಮಗನ ಮನೆ ಗೋಡೆನೂ ಕಡಲೇ ಅನ್ನು."

ನನ್ನ ಒಣ ತುಟಿ ನೋಡಿ ಬಾಟಲಿ ಕೊಟ್ಟಳು. ಎರಡು ಗುಟುಕು ಕುಡಿದೆ. ಬೆಲೆಮ್ನೈಟನ್ನು ಎತ್ತಿದ ಜಾಗದಲ್ಲೇ ಇಟ್ಟೆ.

"ಬಿಟ್ಟು ಹೋಗ್ತೀಯಾ? ಆಯ್ತು. ಮಳೆಗಾಲ ಮುಗಿದ ಮೇಲೆ ಬಾ ತಂಬಿ. ಮಣ್ಣು ಕೊಚ್ಚಿ ಹೋಗಿರುತ್ತೆ, ಹೊಸವು ಎದ್ದಿರ್ತವೆ."