ಅಜ್ಜಂಪುರದ ಕೊಂಬುಗಳು ಮತ್ತು ನನ್ನ ಜೂಮ್ ಲೆನ್ಸ್

ಮೊದಲ ಸಲ ಅಜ್ಜಂಪುರದಿಂದ ಬಂದು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದಾಗ ಸಿಕ್ಕಿದ್ದು ಬರೀ ಅಮೃತ ಮಹಲ್ ದನಗಳ ಮೂಗುಗಳು. ಒದ್ದೆ ಮೂಗಿನ ಮೇಲಿನ ಹನಿಗಳನ್ನು ಎಣಿಸಬಹುದಿತ್ತು. ಕಣ್ಣು ಮಂಜು ಮಂಜು, ಕೊಂಬಂತೂ ಹೊಗೆಯಂತೆ ಕರಗಿಹೋಗಿತ್ತು. ಎರಡನೆಯ ಸಲ ಹೋಗಿಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನೀವೂ ಮೂಗು ಎಣಿಸಿಕೊಂಡು ಬರುವುದು ಬೇಡ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೊಂಬಿನ ಪ್ರಾಣಿ ಎಂದರೆ ಎಲ್ಲರೂ ಮುತ್ತೋಡಿ ಕಾಡಿನ ಕಾಟಿಯತ್ತ, ಅಂದರೆ ಕಾಡುಕೋಣದತ್ತ ಓಡುತ್ತಾರೆ. ನಾನೂ ಓಡಿದ್ದೆ. ಜೀಪು ಅಲುಗುತ್ತದೆ, ನೆರಳು ದಟ್ಟ, ಕಾಟಿ ಬಿದಿರಿನ ಮರೆಯಿಂದ ಅರ್ಧ ಮುಖ ತೋರಿಸಿ ನಡೆದುಬಿಡುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ (ಕಾವಲು ಎಂದರೆ ದನ ಮೇಯಲು ಕಾದಿಟ್ಟ ಹುಲ್ಲುಗಾವಲು) ಕೃಷ್ಣಮೃಗಗಳಿವೆ. 2011ರಲ್ಲಿ ಅದು ಸಂರಕ್ಷಣಾ ಮೀಸಲು ಆಯಿತು. ಅವುಗಳ ತಿರುಪು ಕೊಂಬು ಎಷ್ಟೇ ಆಸೆ ಹುಟ್ಟಿಸಲಿ, ನನ್ನ 400 ಮಿ.ಮೀ. ಲೆನ್ಸಿಗೆ ಅವು ಹುಲ್ಲಿನಲ್ಲಿ ನಿಂತ ಚುಕ್ಕಿಗಳು. ಹತ್ತಿರದಿಂದ ಮುಖ ತೆಗೆಯುವುದನ್ನು ಕಲಿಯಬೇಕೆಂದರೆ ಅಮೃತ ಮಹಲ್ ದನಗಳೇ ಸರಿ.

ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಹಿಂಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಹಾಲಿಗಿಂತ ಓಟಕ್ಕೆ, ಸೈನ್ಯದ ಸಾಮಾನು ಎಳೆಯುವುದಕ್ಕೆ ಹೆಸರಾದ ತಳಿ. ಕೊಂಬುಗಳು ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು ಕಪ್ಪು ತುದಿಯಲ್ಲಿ ಸೂಜಿಯಾಗುತ್ತವೆ. ಛಾಯಾಗ್ರಾಹಕನ ಕಷ್ಟವೆಲ್ಲ ಆ ಹಿಂದಕ್ಕೆ ಬಾಗುವಿಕೆಯಲ್ಲೇ ಇದೆ.

ಬೀರೂರು ದಾಟಿ ಹುಬ್ಬಳ್ಳಿ ಕಡೆಗೆ ಹೋಗುವ ಮಾರ್ಗದಲ್ಲೇ ಅಜ್ಜಂಪುರ ನಿಲ್ದಾಣವಿದೆ. ಎಲ್ಲ ರೈಲೂ ನಿಲ್ಲುವುದಿಲ್ಲ, ನೋಡಿಕೊಂಡು ಹತ್ತಿ. ಅಲ್ಲಿನ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರದ ಒಳಗೆ ಹೋಗುವುದಾದರೆ ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ. ಕ್ಯಾಮೆರಾ ನೇತುಹಾಕಿಕೊಂಡು ಗೇಟಿನಲ್ಲಿ ವಾದ ಮಾಡುವುದರಿಂದ ಬೆಳಗಿನ ಬೆಳಕು ಹಾಳಾಗುತ್ತದೆ, ಅಷ್ಟೇ.

ಮೊದಲ ಸಲ ನಾನು ಮಾಡಿದ ತಪ್ಪು ಇದು: ಜೂಮ್ ಇದೆಯೆಂದು ಕೊನೆಯವರೆಗೆ ತಿರುಗಿಸಿದೆ. ನನ್ನದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಪೂರ್ತಿ ಅಳತೆಗಿಂತ ಚಿಕ್ಕದು. ಎಂಟು ಮೀಟರ್ ದೂರದಿಂದ 400 ಮಿ.ಮೀ., ಲೆನ್ಸಿನ ಕಿಂಡಿ ಎಫ್ 5.6 ಇಟ್ಟರೆ ಸ್ಪಷ್ಟವಾಗಿ ಮೂಡುವ ಆಳ ಹತ್ತು ಸೆಂಟಿಮೀಟರ್ ಆಸುಪಾಸು. ಹೋರಿಯ ಮೂಗಿನಿಂದ ಕಣ್ಣಿಗೇ ಒಂದು ಗೇಣು ಮೀರುತ್ತದೆ, ಕೊಂಬಿನ ತುದಿ ಇನ್ನೂ ಎಲ್ಲೋ ಹಿಂದೆ. ಆಟೋಫೋಕಸ್ ಹತ್ತಿರದ್ದನ್ನು ಹಿಡಿಯಿತು, ಅಂದರೆ ಮೂಗನ್ನು. ಎರಡನೆಯ ಸಲ ಅದೇ ಜಾಗದಿಂದ 200ಕ್ಕೆ ಇಳಿಸಿ, ಕಿಂಡಿ ಕಿರಿದು ಮಾಡಿ ಎಫ್ 8 ಇಟ್ಟೆ. ಆಳ ಅರ್ಧ ಮೀಟರ್ ಆಯಿತು, ಕೊಂಬಿನ ತುದಿಗಳೂ ಚೌಕಟ್ಟಿನೊಳಗೆ ಬಂದವು. ಫೋಕಸ್ ಬಿಂದು ಒಂದೇ, ಅದು ಹತ್ತಿರದ ಕಣ್ಣಿನ ಮೇಲೆ. ಎದುರಿನಿಂದ ತೆಗೆಯುವ ಹಟವನ್ನೂ ಬಿಟ್ಟೆ. ಪಕ್ಕದಿಂದ ನೋಡಿದರೆ ಕಣ್ಣು, ಕಿವಿ, ಕೊಂಬು ಹೆಚ್ಚು ಕಡಿಮೆ ಒಂದೇ ದೂರದಲ್ಲಿರುತ್ತವೆ, ಬಾಗಿನ ಚೆಲುವೂ ಅಲ್ಲಿಂದಲೇ ಕಾಣುವುದು.

ನಿಂತ ದನ ಅಲುಗುವುದಿಲ್ಲ ಎಂದುಕೊಳ್ಳಬೇಡಿ. ನೊಣ ಕೂತರೆ ತಲೆ ಒದರುತ್ತದೆ, ಮೆಲುಕು ಹಾಕುವಾಗ ದವಡೆಯ ಜೊತೆ ಮುಖವೆಲ್ಲ ತೂಗುತ್ತದೆ. ಶಟರ್ ವೇಗದಲ್ಲಿ 1/800 ಸೆಕೆಂಡಿಗಿಂತ ಕೆಳಗೆ ನಾನು ಇಳಿಯಲಿಲ್ಲ, ಬೆಳಕು ಸಾಲದಿದ್ದರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಏರಿಸಿದೆ. ಇನ್ನೊಂದು ಉಪಾಯ ಕೂತು ನೋಡುತ್ತಾ ಹೊಳೆದದ್ದು. ಅಗಿದ ತುತ್ತನ್ನು ನುಂಗಿದ ಮೇಲೆ ದವಡೆ ನಿಲ್ಲುತ್ತದೆ. ಕೆಲವು ಕ್ಷಣ ಪೂರ್ತಿ ನಿಶ್ಚಲ, ಕಣ್ಣು ಎಲ್ಲೋ ನೆಟ್ಟಿರುತ್ತದೆ. ಆಮೇಲೆ ಕುತ್ತಿಗೆಯಲ್ಲಿ ಮುಂದಿನ ಉಂಡೆ ಮೇಲೇರುವುದು ಕಾಣುತ್ತದೆ, ಮತ್ತೆ ಅಗಿಯುವಿಕೆ. ಆ ನಡುವಿನ ಬಿಡುವೇ ನಿಮ್ಮದು. ನನ್ನ ಒಳ್ಳೆಯ ಚಿತ್ರಗಳೆಲ್ಲ ಅಲ್ಲಿಯವೇ.

ಒಂಬತ್ತರ ಮೇಲೆ ಬಿಸಿಲೇರಿ ಕಾವಲಿನ ನೆಲದಿಂದ ಗಾಳಿ ನಡುಗಲು ಶುರುವಾದರೆ ದೂರದಿಂದ ತೆಗೆದದ್ದು ಯಾವ ಲೆನ್ಸಿನಲ್ಲೂ ಚೂಪಾಗಿ ಬರುವುದಿಲ್ಲ. ಚಹಾ ಕುಡಿಯಲು ಹೋಗಿ. ಟ್ರೈಪಾಡ್ ಬದಲು ಎರಡು ಸೇರು ರಾಗಿ ತುಂಬಿದ ಬಟ್ಟೆಯ ಚೀಲ ಒಯ್ದಿದ್ದೆ, ಕಲ್ಲಿನ ಮೇಲಿಟ್ಟು ಅದರ ಮೇಲೆ ಲೆನ್ಸ್. ಒಂದು ಕರು ವಾಸನೆ ಹಿಡಿದು ಬಂದದ್ದನ್ನು ಬಿಟ್ಟರೆ ಬಹಳ ಅನುಕೂಲವಾಯಿತು.

ಆ ಕರುವಿನ ಹಿಂದೆಯೇ ತಾಯಿ ಬಂತು. ಈ ದನಗಳಿಗೆ ಹೊಸಬರನ್ನು ಕಂಡರಾಗದು. ಮುಖ ಮೇಲೆತ್ತಿ ಬುಸುಗುಟ್ಟಿದರೆ ಕ್ಯಾಮೆರಾ ಕೆಳಗಿಳಿಸಿ ಹಿಂದೆ ಸರಿಯಿರಿ. ಮೇಯಿಸುವ ಹಿರಿಯರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅವು ನಿಮ್ಮನ್ನು ನೋಡಿ ಮುಗಿಸಲಿ, ಆಮೇಲೆ ನೀವು ನೋಡುವಿರಂತೆ” ಎಂದರು. ಅರ್ಧ ಗಂಟೆ ಸುಮ್ಮನೆ ಕೂತೆ. ಎಂಟು ಮೀಟರ್ ಹತ್ತಿರ ಸಿಕ್ಕಿದ್ದು ಹಾಗೆ.

ಹೊರಡುವಾಗ ಅವರಿಗೆ ಕ್ಯಾಮೆರಾದ ಪರದೆಯಲ್ಲಿ ನನ್ನ ಮೆಚ್ಚಿನ ಚಿತ್ರ ತೋರಿಸಿದೆ. ರೆಪ್ಪೆಯ ಕೂದಲು ಬಿಡಿಬಿಡಿಯಾಗಿದೆ, ಕೊಂಬಿನ ಬುಡದ ಉಂಗುರಗಳು ಎಣಿಸುವಂತಿವೆ. ಅವರು ತುಸು ಹೊತ್ತು ನೋಡಿ, “ಇದರ ಎಡಗೊಂಬು ಸ್ವಲ್ಪ ತಗ್ಗು. ಬಲಗಡೆಯಿಂದ ತೆಗೆಯಬೇಕಿತ್ತು” ಎಂದರು. ಮುಂದಿನ ಸಲ ಬರುವಾಗ ಪ್ರಿಂಟ್ ತರಲು ಹೇಳಿದ್ದಾರೆ, ಬಲಗಡೆಯದ್ದನ್ನು.